ಬೆನ್ನ ಮೇಲಿನ ಚುಕ್ಕೆ

ಮಗಳ ಬಿಳಿ ಅಂಗಿಯ ಬೆನ್ನಿನ ಮೇಲೆ ನೀಲಿ ಶಾಯಿಯ ಚುಕ್ಕೆ ಕಂಡರೆ ಬೇರೆ ತಾಯಂದಿರು ಏನು ಮಾಡುತ್ತಾರೆ? ಎರಡು ಸಲ ಸೋಪು ತಿಕ್ಕುತ್ತಾರೆ, ಹೋಗದಿದ್ದರೆ ಹಾಳಾಗಿ ಹೋಗಲಿ ಅಂತ ಬಕೆಟ್ಟಿಗೆ ಮುಳುಗಿಸುತ್ತಾರೆ. ಇವಳು ಆ ಪೈಕಿ ಅಲ್ಲ. ಒದ್ದೆ ಅಂಗಿ ಹಿಡಿದುಕೊಂಡೇ ಬಚ್ಚಲುಮನೆಯಿಂದ ಹೊರಗೆ ಬಂದಳು, ಕಿಟಕಿಯ ಬೆಳಕಿಗೆ ಅದನ್ನು ಚಾಚಿದಳು, ಕೈಚೀಲದಿಂದ ತನ್ನ ಭೂತಗನ್ನಡಿ ತೆಗೆದಳು. ನೆಲದ ತುಂಬ ನೀರು ತೊಟ್ಟಿಕ್ಕಿತು. ತೊಟ್ಟಿಕ್ಕಲಿ ಬಿಡಿ, ಅವಳಿಗೆ ಆ ಪರಿವೆ ಎಲ್ಲಿ?

ಸಾಸಿವೆ ಕಾಳಿನಷ್ಟು ಚುಕ್ಕೆ. ಅದರ ಬಲಕ್ಕೆ ಉಗುರಿನಷ್ಟು ಉದ್ದದ ಒಂದು ಗೀರು. ಎರಡೂ ಹೆಗಲಿನ ಮಧ್ಯೆ, ಸರಿಯಾಗಿ ಬೆನ್ನಿನ ನಡುವೆ. ಹತ್ತು ವರ್ಷದ ಹುಡುಗಿಯ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಅಂದಮೇಲೆ ಬೇರೆ ಯಾರೋ ಗೀಚಿದ್ದಾರೆ.

"ಏ, ಬಾ ಇಲ್ಲಿ. ಕ್ಲಾಸಲ್ಲಿ ನಿನ್ನ ಹಿಂದೆ ಯಾರು ಕೂರ್ತಾರೆ?"

"ಯಾರೂ ಇಲ್ಲಮ್ಮ. ನಂದೇ ಕೊನೇ ಬೆಂಚು. ಹಿಂದೆ ಗೋಡೆ."

"ಗೋಡೆ ಬಂದು ಗೀಚ್ತಾ ನಿನ್ನ ಬೆನ್ನಿಗೆ?"

ಹುಡುಗಿ ಏನೋ ಅಂದಳು. ಏನು ಅಂದಳೋ ಕೇಳಿಸಲಿಲ್ಲ. ಆ ಮಗುವಿನ ದನಿಯೇ ಅಷ್ಟು. ಪಕ್ಕದಲ್ಲಿ ಕುಳಿತವರಿಗೆ ಕೇಳಿಸಿದರೆ ಪುಣ್ಯ. ಅದಕ್ಕೇ ಅವಳ ತಾತ ಅವಳಿಗೆ ನಗಾರಿ ಅಂತ ಹೆಸರಿಟ್ಟಿದ್ದ. "ಮೆಲ್ಲಗೆ ಮಾತಾಡೇ ನಗಾರಿ, ಬೀದಿಯವರೆಲ್ಲ ಕಿವಿ ಮುಚ್ಚಿಕೊಂಡ್ರು" ಅಂತ ರೇಗಿಸುತ್ತಿದ್ದ. ಮಗು ಆಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿತ್ತು, ಅದೂ ಸದ್ದಿಲ್ಲದೆ.

ತಾಯಿ ಅಂಗಿಯನ್ನು ಒಣಹಾಕಿದಳು. ಆದರೆ ಸಂಶಯದ ಹುಳ ಒಂದು ಸಲ ಹೊಕ್ಕಿತೆಂದರೆ ಇವಳ ತಲೆಯಿಂದ ಅದು ಅಷ್ಟು ಸುಲಭಕ್ಕೆ ಹೊರಗೆ ಬರುವುದಿಲ್ಲ. ಬರುವುದಾದರೂ ಹೇಗೆ? ಸಂಶಯಪಡುವುದೇ ಅವಳ ಉದ್ಯೋಗ.

ನೋಂದಣಿ ಕಚೇರಿಯ ಮೂರನೇ ಮಹಡಿಯಲ್ಲಿ, ಹಳೇ ಕಪಾಟುಗಳ ನಡುವಿನ ಮೇಜು ಅವಳದು. ಬೆಳಿಗ್ಗೆ ಹತ್ತಕ್ಕೆ ಅರ್ಜಿಗಳ ಕಟ್ಟು ಬರುತ್ತದೆ. ಪ್ರತಿ ಅರ್ಜಿಯಲ್ಲೂ ಒಂದು ಸಹಿ. ಕಪಾಟಿನಲ್ಲಿ ಅದೇ ಮನುಷ್ಯನ ಹಳೇ ಸಹಿ ಇರುವ ಕಾರ್ಡು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಬ್ಬರದೇ ಹೌದೋ ಅಲ್ಲವೋ ಹೇಳಬೇಕು, ಅಷ್ಟೇ ಕೆಲಸ. ಹದಿನಾರು ವರ್ಷದಿಂದ ಹೇಳುತ್ತಿದ್ದಾಳೆ, ಒಂದು ಸಲವೂ ತಪ್ಪಿಲ್ಲ. ಅಣ್ಣನ ಸಹಿಯನ್ನು ಅಚ್ಚು ಹೊಡೆದ ಹಾಗೆ ಹಾಕಿಕೊಂಡು ಬಂದ ತಮ್ಮನನ್ನು, ಸತ್ತ ಗಂಡನ ಸಹಿ ಹಾಕಿದ ಹೆಂಡತಿಯನ್ನು, ಎಲ್ಲರನ್ನೂ ಹಿಡಿದಿದ್ದಾಳೆ. ಕಚೇರಿಯವರು ಅವಳನ್ನು ಭೂತಗನ್ನಡಿ ಮೇಡಂ ಅನ್ನುತ್ತಾರೆ. ಬೆನ್ನ ಹಿಂದೆ ಮಾತ್ರ ಅಲ್ಲ, ಎದುರಿಗೇ ಅನ್ನುತ್ತಾರೆ. ಅವಳಿಗೂ ಅದು ಹೆಮ್ಮೆಯೇ.

ಹೊಸದಾಗಿ ಸೇರಿದವರಿಗೆ ಅವಳು ಪಾಠ ಹೇಳುವುದನ್ನು ಕೇಳಬೇಕು. "ನಿಜವಾದ ಸಹಿ ಎರಡು ಸಲ ಒಂದೇ ಥರ ಬರಲ್ಲ. ಅದಕ್ಕೆ ಹೆದರಬೇಡಿ. ಆದ್ರೆ ನಿಜವಾದ ಸಹಿ ಓಡುತ್ತೆ. ಕಳ್ಳ ಸಹಿ ನಡೀತಾ ಬರುತ್ತೆ, ಅಲ್ಲಲ್ಲಿ ನಿಂತು ದಾರಿ ಕೇಳುತ್ತೆ. ಗೆರೆಯಲ್ಲಿ ನಡುಕ ನೋಡಿ. ಮಧ್ಯದಲ್ಲಿ ಪೆನ್ನು ಎತ್ತಿದ್ದಾರಾ ನೋಡಿ. ಅಳುಕು ಇರೋ ಕೈ ಒತ್ತಿ ಬರೆಯುತ್ತೆ, ಅದನ್ನೂ ನೋಡಿ." ಹುಡುಗರು ಬರೆದುಕೊಳ್ಳುತ್ತಾರೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಇಂಥವಳ ಮನೆಯಲ್ಲಿ ಆ ವಾರ ಒಂದರ ಮೇಲೊಂದು ಅನುಮಾನ ಬೆಳೆಯುತ್ತಾ ಹೋಯಿತು. ಬುಧವಾರ ಸಂಜೆ ಕೆಲಸದಿಂದ ಬಂದಾಗ ಹಿತ್ತಿಲ ಕಡೆ ತಾತ, ಮೊಮ್ಮಗಳು ಇಬ್ಬರೂ ನಲ್ಲಿಯ ಕಟ್ಟೆ ಮೇಲೆ ಕುಳಿತಿದ್ದರು. ತಾತನ ಕೈಯಲ್ಲಿ ಸುದ್ದಿಪತ್ರಿಕೆ. ಇವಳ ಚಪ್ಪಲಿ ಸದ್ದು ಕೇಳಿದ್ದೇ ತಡ, ಮಗು ಗಪ್ ಚಿಪ್. ತಾತ ಪತ್ರಿಕೆ ಮಡಿಚಿ ತೊಡೆಯ ಕೆಳಗೆ ಸೇರಿಸಿದ.

"ಏನಪ್ಪಾ ಗುಟ್ಟು?"

"ಏನಿಲ್ಲ ತಾಯಿ, ಸುಮ್ನೆ ಕೂತಿದ್ವಿ" ಅಂದ ತಾತ. ಸುಳ್ಳು ಹೇಳುವುದು ಅವನಿಗೆ ಒಂಚೂರೂ ಬರುವುದಿಲ್ಲ. ಮುಖ ಹುಣಸೇಹಣ್ಣು ತಿಂದವರ ಹಾಗೆ ಆಗಿತ್ತು.

ಅದೇ ಸಂಜೆ ಮಗಳ ಲೆಕ್ಕದ ನೋಟ್‌ಬುಕ್ ತಿರುವಿ ಹಾಕುತ್ತಿದ್ದವಳಿಗೆ ಕೊನೇ ಪುಟ ಸಿಕ್ಕಿತು. ಪುಟದ ತುಂಬ ಸುಳಿಗಳು. ದೊಡ್ಡ ಸುಳಿ, ಪಕ್ಕದಲ್ಲಿ ಎರಡು ಗುಬ್ಬಚ್ಚಿ ಕಾಲು, ಕೆಳಗೆ ಎಡಕ್ಕೆ ಎಳೆದ ಬಾಲ, ಬಾಲದ ತುದಿಗೆ ಚುಕ್ಕೆ. ನಲವತ್ತು ಸಲ. ಅದು ಅವಳದೇ ಸಹಿಯ ನಡೆ. ಅವಳ ಮಗಳು ಅವಳ ಸಹಿಯನ್ನು ಅಭ್ಯಾಸ ಮಾಡುತ್ತಿದ್ದಾಳೆ.

ಅವಳು ಏನೂ ಕೇಳಲಿಲ್ಲ. ಕಚೇರಿಯಲ್ಲೂ ಅಷ್ಟೇ, ಮೊದಲು ಕೇಳುವುದಿಲ್ಲ, ಸಾಕ್ಷಿ ಕೂಡಿಹಾಕುತ್ತಾಳೆ. ನೋಟ್‌ಬುಕ್ಕನ್ನು ಇದ್ದ ಹಾಗೇ ಚೀಲಕ್ಕೆ ಹಾಕಿದಳು. ಊಟಕ್ಕೆ ಕೂತಾಗ ಮಗಳ ಬೆರಳು ನೋಡಿದಳು, ಶಾಯಿ ಇತ್ತು. ಮಗಳು ಒಳಗೊಳಗೇ ಏನನ್ನೋ ಗುನುಗಿಕೊಳ್ಳುತ್ತಿದ್ದಳು. ಇಷ್ಟು ಖುಷಿಯಾಗಿರುವುದಕ್ಕೆ ಏನು ಕಾರಣ ಅಂತ ತಾಯಿ ಯೋಚಿಸಿದಳು. ಅಯ್ಯೋ, ಮಗು ಖುಷಿಯಾಗಿದ್ದರೂ ಕಾರಣ ಹುಡುಕುವ ಪರಿಸ್ಥಿತಿ ಯಾರಿಗೂ ಬರಬಾರದು.

ಗುರುವಾರ ಮಧ್ಯಾಹ್ನ ಮಗಳ ಕ್ಲಾಸ್ ಟೀಚರ್ ಫೋನ್ ಮಾಡಿದರು. "ಮೇಡಂ, ನಾಳೆ ಸ್ವಲ್ಪ ಶಾಲೆಗೆ ಬರ್ತೀರಾ? ಗಾಬರಿ ಏನಿಲ್ಲ. ಒಂದು ಸಹಿ ವಿಷಯ."

ಸಹಿ ಅನ್ನುವ ಮಾತು ಕಿವಿಗೆ ಬಿದ್ದಿದ್ದೇ ಅವಳಿಗೆ ಹಳೇದೊಂದು ನೆನಪಾಯಿತು. ಮೂವತ್ತೆರಡು ವರ್ಷ ಹಿಂದಿನ ಮಾತು. ಆಗ ಅವಳು ಐದನೇ ತರಗತಿ. ಅವಳ ಅಪ್ಪ, ಅಂದರೆ ಈ ತಾತ, ಲೇತ್ ಯಂತ್ರದ ಕೆಲಸಗಾರ. ಕಬ್ಬಿಣದ ಸರಳನ್ನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗದ ಹಾಗೆ ಕಡೆಯುವವನು. ಆದರೆ ಅಕ್ಷರ ಗೊತ್ತಿಲ್ಲ. ಮಗಳ ಅಂಕಪಟ್ಟಿಗೆ ಹೆಬ್ಬೆಟ್ಟು ಒತ್ತಿದರೆ ಮಗಳಿಗೆ ಅವಮಾನ ಅಂತ, ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ಮಗಳ ಕೈಲೇ ಸಹಿ ಹಾಕಲು ಕಲಿತ. ಒಂದು ತಿಂಗಳು ಹಿಡಿಯಿತು. ಮೊದಲನೇ ಅಂಕಪಟ್ಟಿಗೆ ಹಾಕಿದ. ಎರಡನೆಯದಕ್ಕೂ ಹಾಕಿದ. ಎರಡೂ ಬೇರೆಬೇರೆ ಥರ ಬಂದಿದ್ದವು.

ಹೆಡ್‌ಮಿಸ್ಸು ಎರಡನ್ನೂ ಇಡೀ ತರಗತಿಗೆ ಎತ್ತಿ ತೋರಿಸಿದರು. "ಒಂದಾದ್ರೂ ಇವಳೇ ಹಾಕ್ಕೊಂಡಿದ್ದು" ಅಂದರು. ಅಪ್ಪನಿಗೆ ಹೇಳಿಕಳಿಸಿದರು. ಅಪ್ಪ ಎಣ್ಣೆಗೈಯಲ್ಲೇ ಓಡಿ ಬಂದ. "ಎರಡೂ ನಂದೇ ಅಮ್ಮಾ" ಅಂದ. "ಹಾಗಾದ್ರೆ ಬೋರ್ಡ್ ಮೇಲೆ ಹಾಕಿ ತೋರಿಸಿ" ಅಂತ ಸೀಮೆಸುಣ್ಣ ಕೊಟ್ಟರು. ಅವನು ಹಾಕಿದ. ಇನ್ನೊಂದು ಸಲ ಅಂದರು, ಹಾಕಿದ. ಮತ್ತೊಂದು ಸಲ. ಮೂರೂ ಮೂರು ಥರ ಬಂತು. ತರಗತಿ ಗೊಳ್ಳೆಂದಿತು. ಆ ಗಲಾಟೆಯಲ್ಲಿ, ಯಾರಿಗೂ ಇವತ್ತಿನವರೆಗೆ ಅವಳು ಹೇಳದ ಸಂಗತಿ ಇದು, ಹೆದರಿಕೆಗೋ ಏನೋ ಅವಳೂ ನಕ್ಕುಬಿಟ್ಟಳು. ಅಪ್ಪ ಅವಳ ಕಡೆ ಒಂದು ಸಲ ನೋಡಿದ. ಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೋದ.

ಅವತ್ತಿನಿಂದ ಅವನು ಸಹಿ ಹಾಕಲಿಲ್ಲ. ಪಿಂಚಣಿ ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ಮಗಳ ಮದುವೆ ನೋಂದಣಿಯಲ್ಲಿ, ಎಲ್ಲ ಕಡೆ ಹೆಬ್ಬೆಟ್ಟು. ಅವತ್ತಿನಿಂದ ಇವಳೂ ತರಗತಿಯಲ್ಲಿ ಕೈ ಎತ್ತಲಿಲ್ಲ. ಗೊತ್ತಿರುವ ಉತ್ತರಕ್ಕೂ ಎತ್ತಲಿಲ್ಲ. ಗೊತ್ತಿದೆ ಅಂತ ತೋರಿಸಲು ಹೋದರೆ ಬೋರ್ಡಿನ ಹತ್ತಿರ ಕರೆಯುತ್ತಾರೆ ಅನ್ನುವ ದಿಗಿಲು. ದೊಡ್ಡವಳಾದ ಮೇಲೆ ಆರಿಸಿಕೊಂಡದ್ದು ಯಾರೂ ತನ್ನನ್ನು ಪರೀಕ್ಷಿಸಲಾರದ, ತಾನೇ ಎಲ್ಲರನ್ನೂ ಪರೀಕ್ಷಿಸುವ ಕೆಲಸ.

ಶುಕ್ರವಾರ ಶಾಲೆಗೆ ಹೋದಳು. ಶಿಕ್ಷಕರ ಕೋಣೆಯಲ್ಲಿ ಒಂದು ಉದ್ದನೆಯ ಮೇಜು, ಕಾಲು ಮುರಿದ ಭೂಗೋಳ, ತಿದ್ದಬೇಕಾದ ಪುಸ್ತಕಗಳ ರಾಶಿ. ಟೀಚರ್ ಇನ್ನೂ ಚಿಕ್ಕ ವಯಸ್ಸಿನವರು, ಒಳ್ಳೆಯ ಹೆಣ್ಣುಮಗಳು. ನಗಾರಿ ಬಾಗಿಲ ಪಕ್ಕ ಗೋಡೆಗೆ ಅಂಟಿ ನಿಂತಿದ್ದಳು. ಅಮ್ಮನನ್ನು ಕಂಡಿದ್ದೇ ಅವಳ ಮುಖ ಅರಳಿತು. ಇನ್ನೇನು ಎಲ್ಲ ಸರಿಹೋಯಿತು ಅಂದುಕೊಂಡಳು ಪಾಪ.

"ಬೆಳಗಿನ ಸಭೆಯಲ್ಲಿ ಮೈಕಿನ ಮುಂದೆ ಸುದ್ದಿ ಓದೋಕೆ ಪ್ರತಿ ತಿಂಗಳು ಒಂದು ಮಗುನ ಆರಿಸ್ತೀವಿ ಮೇಡಂ" ಅಂದರು ಟೀಚರ್. "ಈ ಸಲ ಇವಳು ತಾನಾಗೇ ಕೈ ಎತ್ತಿದ್ಲು. ನನಗೇ ಆಶ್ಚರ್ಯ ಆಯ್ತು. ಅಭ್ಯಾಸಕ್ಕೆ ಶಾಲೆ ಬಿಟ್ಟ ಮೇಲೆ ನಿಲ್ಬೇಕು, ಅದಕ್ಕೆ ಮನೆಯವರ ಒಪ್ಪಿಗೆ ಪತ್ರ. ಸೋಮವಾರ ತಂದುಕೊಟ್ಳು. ಆದ್ರೆ ಹೋದ ವರ್ಷ ನೀವೇ ಡೈರಿಯಲ್ಲಿ ಬರೆದಿದ್ರಿ, ಶಾಲೆ ಬಿಟ್ಟ ಮೇಲೆ ಯಾವ ಕಾರಣಕ್ಕೂ ನಿಲ್ಲಿಸಿಕೊಳ್ಳಬೇಡಿ ಅಂತ. ಸಹಿ ಕೂಡ ಡೈರಿಯಲ್ಲಿ ಇದ್ದ ಹಾಗಿಲ್ಲ. ಒಂದು ಸಲ ಕೇಳಿಬಿಡೋಣ ಅಂತ..."

ಡೈರಿ, ಪತ್ರ ಎರಡನ್ನೂ ಪಕ್ಕಪಕ್ಕ ಇಟ್ಟರು. ಅವಳ ಕೈ ತಾನಾಗೇ ಚೀಲಕ್ಕೆ ಹೋಯಿತು, ಭೂತಗನ್ನಡಿ ಹೊರಗೆ ಬಂತು. ಇನ್ನು ಅವಳು ತಾಯಿಯಲ್ಲ, ಮೂರನೇ ಮಹಡಿಯ ಮೇಡಂ.

"ಸುಳಿಯಲ್ಲಿ ನಡುಕ ಇದೆ" ಅಂದಳು. "ಇಲ್ಲಿ ಪೆನ್ನು ಎತ್ತಿದ್ದಾರೆ. ಇಲ್ಲಿ ಮತ್ತೆ ಇಟ್ಟಿದ್ದಾರೆ. ಬಾಲದ ಹತ್ತಿರ ನೋಡಿ, ಕಾಗದ ಹರಿಯೋಷ್ಟು ಒತ್ತಿದ್ದಾರೆ. ಅಳುಕು ಇರೋ ಕೈ."

"ಅಂದ್ರೆ..."

"ಇದು ನನ್ನ ಸಹಿ ಅಲ್ಲ."

ಟೀಚರ್ ಮುಖ ಸಪ್ಪಗಾಯಿತು. ಹೌದು ಅನ್ನಲಿ ಅಂತಲೇ ಅವರು ಕಾದಿದ್ದರು ಅನಿಸುತ್ತದೆ.

ಬಾಗಿಲ ಹತ್ತಿರದಿಂದ ಪಿಸುದನಿ ಬಂತು. "ಅಮ್ಮಾ, ನೀನೇ ಹಾಕಿದ್ದು."

"ಯಾವಾಗ?"

"ಸೋಮವಾರ ಬೆಳಿಗ್ಗೆ. ಬಸ್ ಸ್ಟಾಪಲ್ಲಿ."

"ಸೋಮವಾರ ಬಸ್ ಸ್ಟಾಪಲ್ಲಿ ನಾನು ಸೂಪರಿಂಟೆಂಡೆಂಟ್ ಜೊತೆ ಫೋನಲ್ಲಿ ಮಾತಾಡ್ತಾ ಇದ್ದೆ. ಬಸ್ ಬಂತು, ಹತ್ತಿದ್ವಿ. ನನಗೆ ಚೆನ್ನಾಗಿ ನೆನಪಿದೆ. ಕಥೆ ಕಟ್ಟಬೇಡ. ನಿನ್ನ ಲೆಕ್ಕದ ಪುಸ್ತಕದ ಕೊನೇ ಪುಟ ನೋಡಿದ್ದೀನಿ ನಾನು."

ಹುಡುಗಿ ಬಾಯಿ ತೆರೆದಳು. ದನಿ ಬರಲಿಲ್ಲ.

ಆ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಸುದ್ದಿ ಓದುವವರ ಹೆಸರನ್ನು ತರಗತಿಯ ಬೋರ್ಡಿನ ಮೂಲೆಯಲ್ಲಿ ಚೌಕ ಹಾಕಿ ಬರೆಯುವುದು. ಹೆಸರು ತೆಗೆಯುವಾಗ ಉಳಿದವರಿಗೆ ತಿಳಿಯಲಿ ಅಂತ ಕಾರಣ ಹೇಳಿ ತೆಗೆಯುವುದು. ಅವತ್ತೇ ಮಧ್ಯಾಹ್ನ ಟೀಚರ್ ಆ ಹೆಸರು ಒರೆಸಿದರು, ಕಾರಣ ಹೇಳಿದರು. ಅವರಿಗೂ ಮನಸ್ಸಿರಲಿಲ್ಲ, ಆದರೂ ಹೇಳಿದರು.

ಶನಿವಾರ, ಭಾನುವಾರ ಮನೆಯಲ್ಲಿ ಸದ್ದೇ ಇಲ್ಲ. ಲಾರಿ ಓಡಿಸುವ ಮಗುವಿನ ಅಪ್ಪ ದಾರಿಯಿಂದ ಫೋನ್ ಮಾಡಿ "ಎಲ್ಲಿ, ನನ್ನ ಕೂಸಿಗೆ ಕೊಡು" ಅಂದರೆ ಕೂಸು ತಲೆ ಅಲ್ಲಾಡಿಸಿ ಒಳಗೆ ಹೋಯಿತು. ಬೈದರೆ ಅಳಬೇಕು, ಅತ್ತರೆ ಸಮಾಧಾನ ಮಾಡಬಹುದು. ಇದು ಅಳಲೂ ಇಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ತಾಯಿಗೆ ಒಳಗೆ ಚುಚ್ಚುತ್ತಿತ್ತು. ಆದರೆ ಸಹಿ ಸಹಿಯೇ ಅಲ್ಲವೇ, ಹದಿನಾರು ವರ್ಷ ತಪ್ಪದ ಕಣ್ಣು ಇವತ್ತು ತಪ್ಪುತ್ತದೆಯೇ, ಅಂತ ತನಗೆ ತಾನೇ ಹೇಳಿಕೊಂಡಳು. ಪತ್ರವನ್ನು ಟೀಚರ್ ಹತ್ತಿರ ಕೇಳಿ ಇಸ್ಕೊಂಡು ಬಂದಿದ್ದಳು. ಯಾಕೆ ಅಂತ ಕೇಳಿದರೆ ಅವಳಿಗೂ ಗೊತ್ತಿಲ್ಲ. ಸಾಕ್ಷಿ ಕೈಯಲ್ಲಿದ್ದರೆ ಒಂದು ಧೈರ್ಯ.

ಭಾನುವಾರ ಮಧ್ಯಾಹ್ನ ತಾತ ಹಿತ್ತಿಲ ಕಟ್ಟೆ ಮೇಲೆ ಒಬ್ಬನೇ ಕುಳಿತಿದ್ದ. ಇವಳು ಹೋಗಿ ಪಕ್ಕದಲ್ಲಿ ನಿಂತಳು.

"ನಿನಗೂ ಗೊತ್ತಿತ್ತಲ್ಲಪ್ಪ? ಆ ಪೇಪರ್ ಓದೋದು, ಎಲ್ಲ?"

"ಗೊತ್ತಿತ್ತು. ಅಮ್ಮ ಒಪ್ಪಿದ್ದಾಳೆ ತಾತ, ಸಹಿ ಹಾಕಿಕೊಟ್ಲು ಅಂತ ಸೋಮವಾರ ಕುಣ್ಕೊಂಡು ಬಂದು ಹೇಳಿದ್ಲು. ಚೆನ್ನಾಗಿ ಕಲಿತು ನಿನಗೆ ಒಂದೇ ಸಲ ಕೇಳಿಸ್ಬೇಕು ಅಂತಿದ್ಲು. ಅದಕ್ಕೇ ಮುಚ್ಚಿಟ್ಟಿದ್ದು."

"ನೋಡಿದ್ಯಾ, ನಿನಗೂ ಸುಳ್ಳು ಹೇಳಿದ್ದಾಳೆ."

ತಾತ ಕೈ ಚಾಚಿದ. "ತಾ ನೋಡೋಣ ಆ ಕಾಗದ" ಅಂದ. ಓದಲು ಬರದವನು, ಗೆರೆ ಮಾತ್ರ ನೋಡಿದ. ಯಂತ್ರದಿಂದ ಇಳಿದ ಸರಳನ್ನು ನೋಡುವ ಹಾಗೆ ಕಣ್ಣಿನ ಮಟ್ಟಕ್ಕೆ ಹಿಡಿದು, ಓರೆ ಮಾಡಿ ನೋಡಿದ. ಬಾಲದ ಹತ್ತಿರದ ತೂತಿನಲ್ಲಿ ಬಿಸಿಲು ತೂರಿ ಬಂತು.

"ಇದರ ಕೆಳಗೆ ಏನಿತ್ತು?"

"ಏನು ಕೆಳಗೆ?"

"ಬರೆಯೋವಾಗ ಕಾಗದದ ಕೆಳಗೆ ಏನಿತ್ತು ಅಂತ. ಲೇತಿನಲ್ಲಿ ಗೆರೆ ನಡುಗಿ ಬಂದ್ರೆ ನಾವು ಮೊದಲು ಉಳಿ ನೋಡಲ್ಲ ತಾಯಿ. ಕೈಯನ್ನೂ ಬೈಯಲ್ಲ. ಯಂತ್ರ ಕೂತಿರೋ ಕೆಳಗಿನ ಬೆಡ್ ಅಲುಗ್ತಾ ಇದೆಯಾ ನೋಡ್ತೀವಿ. ಕೆಳಗಿಂದು ಅಲುಗಿದ್ರೆ ಎಂಥಾ ಕೈನೂ ನಡುಗುತ್ತೆ." ಕಾಗದವನ್ನು ಅವಳಿಗೆ ಕೊಟ್ಟ. "ಆ ಎರಡನೇ ಅಂಕಪಟ್ಟಿ ನೀನು ವರ್ಕ್‌ಶಾಪಿಗೆ ತಂದಿದ್ದೆ. ಮೇಸ್ತ್ರಿ ಯಂತ್ರ ನಿಲ್ಲಿಸೋಕೆ ಬಿಡಲಿಲ್ಲ. ಓಡ್ತಿರೋ ಯಂತ್ರದ ಮೇಲೇ ಇಟ್ಟು ಹಾಕಿದೆ. ಯಾರೂ ಕೇಳಲಿಲ್ಲ. ಕೇಳಿದ್ರೆ ಹೇಳ್ತಿದ್ದೆ."

ಮೂವತ್ತೆರಡು ವರ್ಷಕ್ಕೆ ಮೊದಲನೇ ಸಲ ಅವನು ಆ ಮಾತು ಎತ್ತಿದ್ದು. ದನಿಯಲ್ಲಿ ಕೋಪ ಇರಲಿಲ್ಲ, ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು.

ಕೆಳಗೆ ಏನಿತ್ತು? ಹದಿನಾರು ವರ್ಷ ಯಾರ ಕೈ, ಯಾರ ಕೈ ಅಂತಲೇ ಕೇಳಿದವಳು ಇದೊಂದನ್ನು ಯಾವತ್ತೂ ಕೇಳಿರಲಿಲ್ಲ. ಬಸ್ ಸ್ಟಾಪಿನಲ್ಲಿ ಏನಿದೆ? ಮೇಜಿಲ್ಲ. ಬೆಂಚಿಲ್ಲ, ಹೋದ ತಿಂಗಳೇ ಕಿತ್ತುಹಾಕಿದ್ದಾರೆ. ಒಂದು ಕಂಬ, ಅದೂ ದುಂಡಗೆ. ಸಹಿ ಹಾಕಬೇಕಾದರೆ ಕಾಗದವನ್ನು ಯಾವುದರ ಮೇಲೆ ಇಡಬೇಕು?

ಅವಳು ಒಳಗೆ ಓಡಿದಳು. ಇಸ್ತ್ರಿಗೆ ಇಟ್ಟಿದ್ದ ಬಟ್ಟೆ ಕೆದಕಿ ಬಿಳಿ ಅಂಗಿ ಎಳೆದಳು, ಮಂಚದ ಮೇಲೆ ಬೋರಲು ಹರಡಿದಳು. ಬೆನ್ನ ಮೇಲೆ ಮಸುಕಾದ ನೀಲಿ ಚುಕ್ಕೆ ಇನ್ನೂ ಇತ್ತು. ಪತ್ರವನ್ನು ಅದರ ಮೇಲೆ ಇಟ್ಟು ಜರುಗಿಸುತ್ತಾ ಬಂದಳು. ಬಾಲದ ತೂತಿನೊಳಗೆ ಚುಕ್ಕೆ ಬಂದು ಕೂತಿತು. ಹರಿದ ಸೀಳಿನುದ್ದಕ್ಕೂ ಗೀರು ಬಂದು ಕೂತಿತು. ಭೂತಗನ್ನಡಿ ಬೇಕಾಗಲೇ ಇಲ್ಲ.

ಆಗ ನೆನಪಾಯಿತು ನೋಡಿ. ಒಂದು ಕಿವಿಗೂ ಹೆಗಲಿಗೂ ನಡುವೆ ಫೋನು. ಸೂಪರಿಂಟೆಂಡೆಂಟು ಕಳೆದುಹೋದ ಕಡತಕ್ಕೆ ಕೂಗಾಡುತ್ತಿದ್ದಾನೆ. ತಿರುವಿನಲ್ಲಿ ಬಸ್ಸು ಕಾಣಿಸುತ್ತಿದೆ. ಅಮ್ಮ, ಒಂದು ಸಹಿ, ಸುದ್ದಿ ಓದೋಕೆ, ಅಂತ ಪಕ್ಕದಲ್ಲಿ ಪಿಸುಪಿಸು. ಹೂಂ ಹೂಂ, ತಿರುಗು ಬೇಗ, ಅಂತ, ಪತ್ರ ತೆಗೆಯಲು ಚೀಲ ಕೆಳಗಿಟ್ಟಿದ್ದ ಮಗಳನ್ನೇ ತಿರುಗಿಸಿ ಬೆನ್ನ ಮೇಲೆ ಕಾಗದ ಇಟ್ಟಿದ್ದಳು. ಪೆನ್ನು ಮುಟ್ಟಿದ್ದೇ ತಡ ಮಗು "ಅಮ್ಮಾ, ಕಚಗುಳಿ, ಕಚಗುಳಿ" ಅಂತ ಮೈಯೆಲ್ಲ ಕುಲುಕಿಸಿ ನಗಲು ಶುರುಮಾಡಿತ್ತು. ನೆಟ್ಟಗೆ ನಿಲ್ಲೇ ಅಂತ ಗದರಿ, ಪೆನ್ನು ಎತ್ತಿ, ಮತ್ತೆ ಇಟ್ಟು, ಬಾಲ ಎಳೆಯುವಾಗ ಕಾಗದ ತೂತಾಗಿತ್ತು.

ಶಿಕ್ಷಕರ ಕೋಣೆಯಲ್ಲಿ ಕನ್ನಡಿ ಹಿಡಿದು ತೋರಿಸಿದ್ದಳಲ್ಲ ನಡುಕ, ಅದು ಕಳ್ಳ ಕೈಯ ಅಳುಕಲ್ಲ. ಅವಳ ಮಗಳ ನಗು. ಮಗಳ ನಗುವನ್ನು ತೋರಿಸಿ ಮಗಳನ್ನು ಕಳ್ಳಿ ಅಂದಿದ್ದಳು. ಮಂಚದ ಅಂಚಿಗೆ ಕುಸಿದು ಕೂತು ಅಂಗಿಯಲ್ಲಿ ಮುಖ ಮುಚ್ಚಿಕೊಂಡಳು. ಎಷ್ಟು ಅತ್ತರೇನು, ಆ ಶುಕ್ರವಾರ ವಾಪಸ್ಸು ಬರುತ್ತದೆಯೇ?

ಮಗಳು ನಡುಮನೆಯಲ್ಲಿ ಲೆಕ್ಕ ಮಾಡುತ್ತಿದ್ದಳು. ಇವಳು ಹೋಗಿ ಮುಂದೆ ನೆಲಕ್ಕೆ ಕೂತಳು. "ನಾನೇ ಹಾಕಿದ್ದು ಕಂದಾ. ನಿನ್ನ ಬೆನ್ನ ಮೇಲೆ. ನಾನು ಮರೆತುಬಿಟ್ಟಿದ್ದೆ. ತಪ್ಪು ನಂದು."

"ಹೂಂ" ಅಂದಳು ಮಗಳು.

"ಆ ಕೊನೇ ಪುಟ..."

"ಅದು ನಂದು. ನನ್ನ ಹೆಸರಿಗೆ ಸಹಿ ಮಾಡ್ಕೊಳ್ತಾ ಇದ್ದೆ. ನಿನ್ನ ಥರಾನೇ ಇರ್ಲಿ ಅಂತ." ಪೆನ್ಸಿಲ್ ತುದಿ ನೋಡಿಕೊಂಡು ಅಂದಳು. "ಈಗ ಬೇರೆ ಥರ ಮಾಡ್ಕೊಂಡಿದ್ದೀನಿ."

ಸೋಮವಾರ ಬೆಳಿಗ್ಗೆ ಭೂತಗನ್ನಡಿ ಮೇಡಂ ಕಚೇರಿಗೆ ರಜೆ ಹಾಕಿ ಶಾಲೆಗೆ ಹೋದಳು. ಟೀಚರ್ ಎಲ್ಲ ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡರು. "ನಾನೇ ಮಕ್ಕಳಿಗೆ ಹೇಳ್ತೀನಿ ಬಿಡಿ ಮೇಡಂ. ಇನ್ನೆರಡು ದಿನಕ್ಕೆ ಎಲ್ಲ ಮರೀತಾರೆ."

"ಮರೆಯಲ್ಲ ಮಿಸ್" ಅಂದಳು ಇವಳು. "ನಾನು ಮರೆತಿಲ್ಲ."

ತರಗತಿಗೆ ಹೋದಳು. ಬೋರ್ಡಿನ ಮೂಲೆಯ ಚೌಕದಲ್ಲಿ ಆಗಲೇ ಬೇರೆ ಹುಡುಗಿಯ ಹೆಸರಿತ್ತು. ನಲವತ್ತು ಮಕ್ಕಳು. ಬೋರ್ಡಿನ ಹತ್ತಿರ ಹೋಗಬೇಕಾಗುತ್ತದೆ ಅಂತ ಮೂವತ್ತೆರಡು ವರ್ಷ ತಪ್ಪಿಸಿಕೊಂಡು ತಿರುಗಿದವಳು ತಾನಾಗೇ ಬಂದು ನಿಂತಿದ್ದಳು. "ಆ ಪತ್ರದ ಸಹಿ ನಂದು" ಅಂದಳು. "ನನ್ನದಲ್ಲ ಅಂತ ನಾನು ಹೇಳಿದ್ದು ತಪ್ಪು. ನನ್ನ ಮಗಳು ಹೇಳಿದ್ದೇ ನಿಜ." ಹಿಂದಿನ ಬೆಂಚಿನಿಂದ ಯಾರೋ "ನಿಮ್ಮ ಸಹಿ ನಿಮಗೇ ಗೊತ್ತಾಗಲ್ವಾ ಆಂಟಿ?" ಅಂದರು. ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಮೂರು ಸಲ ಸಹಿ ಹಾಕಿದಳು. ಮೂರೂ ಮೂರು ಥರ ಬಂದವು.

"ಮೂರೂ ನಂದೇ" ಅಂದಳು.

ತರಗತಿ ಗೊಳ್ಳೆಂದಿತು. ನಗಲಿ ಅಂತ ನಿಂತಿದ್ದಳು. ಕೊನೇ ಬೆಂಚಿನ ಕಡೆ ನೋಡಿದಳು. ನಗಾರಿ ಮಾತ್ರ ನಗುತ್ತಿರಲಿಲ್ಲ. ಗೋಡೆಗೆ ಒರಗಿ ಆ ಮೂರು ಸಹಿಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

ಮುಂದಿನ ತಿಂಗಳಿಗೆ ನಿನ್ನನ್ನೇ ಹಾಕುತ್ತೇನೆ ಅಂತ ಟೀಚರ್ ಮಾತು ಕೊಟ್ಟರು, ಮಾತಿನಂತೆ ನಡೆದುಕೊಂಡರು. ತಿಂಗಳ ಕೊನೆಗೆ ಮಗಳು ಹೊಸ ಒಪ್ಪಿಗೆ ಪತ್ರ ತಂದಳು. ಸಂಜೆ ಆರು ಗಂಟೆ. ತಾಯಿ ಒಗ್ಗರಣೆಗೆ ಇಟ್ಟ ಒಲೆ ಆರಿಸಿ, ಕೈ ಒರೆಸಿಕೊಂಡು ಬಂದಳು. ಒಂದು ತಿಂಗಳಿಂದ ಕಾಯುತ್ತಿದ್ದಳು ಈ ಗಳಿಗೆಗೆ. ಪೆನ್ನು ತೆರೆದು, ನಗುನಗುತ್ತಾ, "ಬಾ, ತಿರುಗು. ಬೆನ್ನು ಕೊಡು" ಅಂದಳು.

"ಬೇಡಮ್ಮ" ಅಂದಳು ಮಗಳು. "ಮೇಜಿನ ಮೇಲೆ ಹಾಕು."

ಮೇಜನ್ನು ಅವಳೇ ಒರೆಸಿದಳು. ಕಾಲು ಅಲುಗುತ್ತದೆಯೇ ಅಂತ ಒತ್ತಿ ನೋಡಿದಳು. ಕಾಗದ ಇಟ್ಟು, ಎರಡೂ ಮೂಲೆ ಹಿಡಿದುಕೊಂಡಳು. ಆಮೇಲೆ ಹಿತ್ತಿಲ ಕಡೆ ತಿರುಗಿ ಕೂಗಿದಳು. "ತಾತಾ, ಬಾ ಇಲ್ಲಿ! ಅಮ್ಮ ಸಹಿ ಹಾಕ್ತಿದ್ದಾಳೆ, ನೀನು ನೋಡ್ಬೇಕು!" ಆ ದನಿ ಹಿತ್ತಿಲವರೆಗೂ ಹೋಯಿತು. ಆ ಮನೆಯಲ್ಲಿ ಅವಳ ದನಿ ಅಷ್ಟು ದೂರ ಹೋದದ್ದು ಅದೇ ಮೊದಲು.

ತಾಯಿ ಸಹಿ ಹಾಕಿದಳು. "ತಾರೀಕು ಬರಿ" ಅಂದಳು ಮಗಳು. ಬರೆದಳು. "ಟೈಮೂ ಬರಿ." ಬರೆದಳು. ಮಗಳು ಅಮ್ಮನ ಚೀಲದಿಂದ ಭೂತಗನ್ನಡಿ ತೆಗೆದು, ಡೈರಿ ಪಕ್ಕದಲ್ಲಿಟ್ಟುಕೊಂಡು, ಸುಳಿಯಿಂದ ಬಾಲದವರೆಗೆ ನಿಧಾನವಾಗಿ ನೋಡಿದಳು. ತಾಯಿ ಕೈಕಟ್ಟಿ ನಿಂತಿದ್ದಳು. ತನ್ನ ಮೇಜಿನ ಎದುರು ಎಷ್ಟೋ ಜನ ಹೀಗೆ ನಿಂತದ್ದು ಅವಳಿಗೆ ನೆನಪಾಯಿತು.

"ಸರಿ ಇದೆ" ಅಂದಳು ಮಗಳು. "ತಾತ, ಸಾಕ್ಷಿಗೆ ನಿಂದೂ ಒಂದು ಹಾಕು."

ತಾತ ಹೆಬ್ಬೆಟ್ಟಿನ ಶಾಯಿ ಡಬ್ಬಿಗೆ ಸುತ್ತ ಕಣ್ಣಾಡಿಸಿದ. ಮೊಮ್ಮಗಳು ಅವನ ಕೈಗೆ ಪೆನ್ನು ಕೊಟ್ಟಳು. ಅವನು ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತ. ತನ್ನ ಮಗಳ ಮುಖ ನೋಡಿದ. ಆಮೇಲೆ ಬಗ್ಗಿ, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಬಿಡಿಸಿದ. ಗೆರೆ ನಡುಗಿತು, ನಾಲ್ಕು ಕಡೆ ಪೆನ್ನು ಎತ್ತಿದ, ಕೊನೆಯ ಅಕ್ಷರ ಸಾಲು ಬಿಟ್ಟು ಕೆಳಗೆ ಜಾರಿತು.

ನಗಾರಿ ಅದಕ್ಕೆ ಭೂತಗನ್ನಡಿ ಹಿಡಿಯಲಿಲ್ಲ. ಕಾಗದ ಮಡಿಚಿ ಚೀಲಕ್ಕೆ ಹಾಕಿಕೊಂಡಳು.